ಸಣ್ಣ ಗಾಡಿ, ದೊಡ್ಡ ದಾರಿ

2024ರ ಆಷಾಢದಲ್ಲಿ ತಿಪಟೂರಿನ ಆ ಮನೆಯಲ್ಲಿ ಮೂರು ದಿನ ಯಾರೂ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಕಾರಣ ಒಂದು ಬೈಕು. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದ ಮಗನಿಗೆ 350 ಸಿ.ಸಿ. ಗಾಡಿಯೇ ಬೇಕಾಗಿತ್ತು. ಕಾಲೇಜಿನ ನಾಲ್ವರು ಗೆಳೆಯರು ಮುಂದಿನ ವರ್ಷ ಲಡಾಖ್‌ಗೆ ಹೋಗುವ ಯೋಜನೆ ಹಾಕಿದ್ದರು. ಮೂವರ ಹತ್ತಿರ ದೊಡ್ಡ ಬೈಕು ಬಂದಾಗಿತ್ತು. ಉಳಿದವನು ಇವನೊಬ್ಬನೇ. ಅಪ್ಪ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾಗಿದ್ದರು, ನಿವೃತ್ತಿಯ ಹಣ ಬ್ಯಾಂಕಿಗೆ ಬಂದು ಬಿದ್ದಿತ್ತು. ಮಗ ಇದನ್ನೆಲ್ಲ ಲೆಕ್ಕ ಹಾಕಿಯೇ ಬಾಯಿ ಬಿಟ್ಟಿದ್ದ.

ತಾಯಿಯದು ಒಂದೇ ಮಾತು: ಬೇಡ. ಹಿಂದಿನ ಬೀದಿಯ ಹುಡುಗನೊಬ್ಬ ದೊಡ್ಡ ಬೈಕಿನಿಂದ ಬಿದ್ದು ಎಂಟು ತಿಂಗಳು ಹಾಸಿಗೆ ಹಿಡಿದದ್ದನ್ನು ಆಕೆ ಕಣ್ಣಾರೆ ಕಂಡಿದ್ದರು. ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ ಹುಟ್ಟಿದ ಒಬ್ಬನೇ ಮಗ ಬೇರೆ. ಅವನು ಕಾಲೇಜಿನಿಂದ ಬರುವುದು ಅರ್ಧ ಗಂಟೆ ತಡವಾದರೂ ಗೇಟಿನ ಬಳಿ ನಿಲ್ಲುವ ಜೀವ ಅದು.

ಅಪ್ಪ ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ನಾಲ್ಕನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ, "ಆಷಾಢದಲ್ಲಿ ಹೆಂಗೂ ಹೊಸ ಗಾಡಿ ತಗಳಂಗಿಲ್ಲ. ಇರೋ ಗಾಡೀಲಿ ಬಾದಾಮಿಗಂಟ ಹೋಗ್ಬರೋಣ, ನಾನೂ ನೀನೂ. ಆಮೇಲೆ ಮಾತಾಡೋಣ" ಎಂದರು.

ಇರುವ ಗಾಡಿ ಎಂದರೆ 1998ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್. ಎಂಜಿನ್ನಿನ ಗಾತ್ರ 97.2 ಸಿ.ಸಿ., ಶಕ್ತಿ ಏಳೂ ಚಿಲ್ಲರೆ ಅಶ್ವಶಕ್ತಿ, ನಾಲ್ಕು ಗೇರು, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಅದೂ ಮೂರು ಸಲ ಆಗಿತ್ತು. ಹಾಲಿನ ಕ್ಯಾನು, ಕೊಬ್ಬರಿ ಚೀಲ, ಪೇಪರಿನ ಕಟ್ಟು ಹೊರುವ ಗಾಡಿಯಲ್ಲಿ ಪ್ರವಾಸವೇ! ಮಗನಿಗೆ ನಗು ಬಂತು. ಆದರೆ ಅಪ್ಪನ ಮುಖ ನೋಡಿ ನಗು ನುಂಗಿಕೊಂಡ.

ಅಪ್ಪ ಪಶು ಇಲಾಖೆಯಲ್ಲಿ ಪರೀಕ್ಷಕರಾಗಿದ್ದವರು. ಹಳ್ಳಿಯವರ ಬಾಯಲ್ಲಿ 'ದನದ ಡಾಕ್ಟ್ರು'. ಕಾಲುಬಾಯಿ ಜ್ವರದ ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಗಾಡಿಯ ಹಿಂದೆ ರಬ್ಬರು ಟ್ಯೂಬಿನಿಂದ ಬಿಗಿದು, ಬೆಳಗಿನ ಜಾವವೇ ಹೊರಡುತ್ತಿದ್ದರು. ಆ ಲಸಿಕೆ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಮಂಜುಗಡ್ಡೆ ಕರಗುವುದರೊಳಗೆ ಎಷ್ಟು ಊರು, ಎಷ್ಟು ಕೊಟ್ಟಿಗೆ ಮುಗಿಸಬಹುದು ಎಂಬ ಲೆಕ್ಕ ಅವರ ತಲೆಯಲ್ಲಿ ಸದಾ ಓಡುತ್ತಿತ್ತು. ಗಾಡಿಯ ಮೀಟರಿನಲ್ಲಿ ಐದೇ ಅಂಕಿ. ಅದು 99,999 ದಾಟಿ ಸೊನ್ನೆಗೆ ತಿರುಗಿದ್ದು ಎರಡು ಸಲ. ಅಂದರೆ ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ತಾಲ್ಲೂಕಿನ ಗಡಿ ದಾಟದೆಯೇ ಅವರು ಐದು ಸಲ ಭೂಮಿಯನ್ನು ಸುತ್ತಿದ್ದರು ಎನ್ನಿ!

ದೂರ ಹೋಗಲು ದೊಡ್ಡ ಬೈಕೇ ಬೇಕೆಂಬುದು ಈಚಿನ ನಂಬಿಕೆ. ಒಂದು ಕಾಲಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿ.ಸಿ. ಯೆಜ್ಡಿಯೇ ಇಲ್ಲಿ ದೊಡ್ಡ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೊರದೇಶಗಳಲ್ಲಿ ಇನ್ನೂ ಸಣ್ಣ ಗಾಡಿಗಳಲ್ಲಿ ಇನ್ನೂ ದೂರ ಹೋದವರಿದ್ದಾರೆ. 1951ರಲ್ಲಿ ಪೆಗ್ಗಿ ಐರಿಸ್ ಥಾಮಸ್ ಎಂಬ ಇಂಗ್ಲಿಷ್ ಯುವತಿ 125 ಸಿ.ಸಿ.ಯ ಬಿ.ಎಸ್.ಎ. ಬ್ಯಾಂಟಮ್ ಗಾಡಿ ಹತ್ತಿ ಕೆನಡಾ, ಅಮೆರಿಕ, ಮೆಕ್ಸಿಕೋ ಸುತ್ತಿದರು. ಅವರು ಕ್ರಮಿಸಿದ್ದು ಸುಮಾರು 14,000 ಮೈಲಿ, ಅಂದರೆ 22,500 ಕಿಲೋಮೀಟರ್. ಬ್ಯಾಂಟಮ್‌ನ ಶಕ್ತಿ ಐದು ಅಶ್ವಶಕ್ತಿಗೂ ಕಡಿಮೆ, ಗೇರು ಮೂರೇ. ಸಾಲದ್ದಕ್ಕೆ ಹಿಂದೆ ಮ್ಯಾಟೆಲೋ ಎಂಬ ಹೆಸರಿನ ದೊಡ್ಡ ಏರ್‌ಡೇಲ್ ನಾಯಿಯನ್ನೂ ಕೂರಿಸಿಕೊಂಡಿದ್ದರು! ಇತ್ತೀಚಿನ ಉದಾಹರಣೆ ಬೇಕೆಂದರೆ, ಇಂಗ್ಲೆಂಡಿನವರೇ ಆದ ಲೋಯಿಸ್ ಪ್ರೈಸ್ 2003ರಲ್ಲಿ ಬಿ.ಬಿ.ಸಿ.ಯ ಕೆಲಸ ಬಿಟ್ಟು 225 ಸಿ.ಸಿ.ಯ ಯಮಾಹಾ ಗಾಡಿಯಲ್ಲಿ ಹೊರಟವರು. ಉತ್ತರ ಅಮೆರಿಕದ ತುದಿಯ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯ ಉಶುವಾಯಾ ತನಕ, ಸುಮಾರು 32,000 ಕಿಲೋಮೀಟರ್. ಮುಂದೆ ಲಂಡನ್ನಿನಿಂದ ಆಫ್ರಿಕದ ಕೇಪ್‌ಟೌನ್‌ಗೆ ಹೋದಾಗಲೂ ಅವರದು 250 ಸಿ.ಸಿ. ಗಾಡಿಯೇ. ಇನ್ನು ಜಪಾನಿನ ಹೋಂಡಾ ಸೂಪರ್ ಕಬ್. 1958ರಲ್ಲಿ ಕೇವಲ 49 ಸಿ.ಸಿ. ಎಂಜಿನ್ನಿನಿಂದ ಆರಂಭವಾದ ಆ ಮಾದರಿಯ ತಯಾರಿಕೆ 2017ರಲ್ಲಿ ಹತ್ತು ಕೋಟಿ ಮುಟ್ಟಿತು. ಅದರಲ್ಲಿ ಖಂಡಗಳನ್ನು ದಾಟಿದವರಿದ್ದಾರೆ. ಇವರೆಲ್ಲ ದೂರ ಹೋದದ್ದು ಗಾಡಿಗೆ ಬಲ ಹೆಚ್ಚಿತ್ತೆಂದಲ್ಲ. ಬಲ ಎಷ್ಟಿದೆ ಎಂಬುದು ಅವರಿಗೆ ಗೊತ್ತಿತ್ತು.

ಹೊರಡುವ ಹಿಂದಿನ ದಿನ ಅಪ್ಪ ಅಂಗಳದಲ್ಲಿ ಗೋಣಿತಾಟು ಹಾಸಿದರು. ಕಪ್ಪಾಗಿದ್ದ ಎಂಜಿನ್ ಆಯಿಲ್ ಇಳಿಸಿ ಹೊಸದನ್ನು ಹಾಕಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಮಗನ ಕೈಗೆ ಕೊಟ್ಟರು. ತುದಿ ಕಪ್ಪು ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತಿದೆ, ಹಸುವಿನ ಮೈಯ ಕಂದು ಬಣ್ಣವಿದ್ದರೆ ಸರಿ. ಚೈನು ಎರಡು ಬೆರಳಿನಷ್ಟು ಮಾತ್ರ ಆಡಬೇಕು. ಹಿಂದಿನ ಚಕ್ರಕ್ಕೆ ಇಬ್ಬರ ಲೆಕ್ಕದ ಗಾಳಿ. ಚೀಲದಲ್ಲಿ ಒಂದು ಟ್ಯೂಬು, ಪಂಕ್ಚರ್ ಸಾಮಾನು, ಕೈಪಂಪು, ಒಂದು ಪ್ಲಗ್, ಎರಡು ಪಾನಾ. ಕೊನೆಗೆ ಹೊಸ ಕ್ಲಚ್ ಕೇಬಲ್ಲೊಂದನ್ನು ತಂದು, ಹಳೆಯ ಕೇಬಲ್ಲಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಹಾಯಿಸಿ ದಾರದಿಂದ ಕಟ್ಟಿಬಿಟ್ಟರು.

"ಇದ್ಯಾಕೆ ಅಪ್ಪ? ಹಳೇದು ಚೆನ್ನಾಗೇ ಇದೆಯಲ್ಲ" ಎಂದ ಮಗ.

"ಕಿತ್ತೋದಾಗ ಗೊತ್ತಾಗುತ್ತೆ."

ಭಾರ ಹೇರುವುದರಲ್ಲೂ ಅವರದೊಂದು ಕ್ರಮ. ತೂಕದ ಸಾಮಾನೆಲ್ಲ ಕೆಳಗೆ, ಎರಡು ಚಕ್ರಗಳ ನಡುವೆ ಬರಬೇಕು. ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದರೆ ಗುರುತ್ವ ಕೇಂದ್ರ ಮೇಲಕ್ಕೂ ಹಿಂದಕ್ಕೂ ಹೋಗಿ ಹ್ಯಾಂಡಲ್ ಹಗುರವಾಗುತ್ತದೆ, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಮಗ ತಂದಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಮನೆಯಲ್ಲೇ ಉಳಿಯಿತು. ಸಣ್ಣ ಗಾಡಿ ಕಲಿಸುವ ಮೊದಲ ಪಾಠ ಇದೇ ಇರಬೇಕು, ಯಾವುದು ಬೇಕಾಗಿಲ್ಲ ಎಂಬುದು.

ಅಪ್ಪನ ಶರತ್ತುಗಳು ಎರಡು. ವೇಗ 50 ದಾಟಬಾರದು. ಸೂರ್ಯ ಮುಳುಗುವುದರೊಳಗೆ ಗಾಡಿ ನಿಲ್ಲಬೇಕು. ಎರಡನೆಯದಕ್ಕೆ ಮಗನೇ ಕಾರಣ ಊಹಿಸಿಕೊಂಡ. ಹಳೆಯ ಸ್ಪ್ಲೆಂಡರಿನ ಹೆಡ್‌ಲೈಟು ಎಂಜಿನ್ ತಿರುಗಿದಷ್ಟೇ ಉರಿಯುತ್ತದೆ. ಗುಂಡಿ ಬಂತೆಂದು ನಿಧಾನ ಮಾಡಿದರೆ, ಬೆಳಕು ಬೇಕಾದ ಹೊತ್ತಿಗೇ ಮಂಕಾಗುತ್ತದೆ. ಅದಕ್ಕೇ ಇರಬೇಕು ಅಂದುಕೊಂಡ.

ಬೆಳಿಗ್ಗೆ ಆರಕ್ಕೆ ಹೊರಟರು. ತಾಯಿ ಗೇಟಿನ ತನಕ ಬಂದು, ಎರಡೂ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿ, "ಏನ್ರೀ, ಊರೂರಿಗೂ ಫೋನ್ ಮಾಡ್ಬೇಕು" ಎಂದು ಹೇಳಿ ಒಳಗೆ ಹೋದರು. ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟುವವರೆಗೆ ಮಗನಿಗೆ ಮುಜುಗರವೇ. ಲಾರಿಗಳಿರಲಿ, ಸ್ಕೂಟಿಯಲ್ಲಿ ಹೋಗುವ ಹುಡುಗಿಯರೂ ಹಿಂದೆ ಹಾಕಿಕೊಂಡು ಹೋಗುತ್ತಿದ್ದರು. ಅಪ್ಪನ ಮುಳ್ಳು ಮಾತ್ರ 45ಕ್ಕೂ 50ಕ್ಕೂ ನಡುವೆ ಅಂಟಿಕೊಂಡಿತ್ತು.

ಹಿರಿಯೂರು ಬಿಟ್ಟು ಹೆದ್ದಾರಿಗೆ ಬಂದಾಗ ಗಾಳಿ ಶುರುವಾಯಿತು. ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಕಂಡವರಿಗೆ ಅಲ್ಲಿನ ಗಾಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಅದು ಪಶ್ಚಿಮದಿಂದ ಎದುರಿಗೇ ಬೀಸುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಗಾಡಿ ಏದುಸಿರು ಬಿಡುತ್ತಿತ್ತು. ಅಪ್ಪ ಮೂರನೆಯ ಗೇರಿಗೆ ಇಳಿಸಿ 35ಕ್ಕೆ ಬಂದರು. ಮಗ ಹಿಂದಿನಿಂದ, "ಇದಕ್ಕೇ ಅಪ್ಪ ದೊಡ್ಡ ಗಾಡಿ ಬೇಕು ಅನ್ನೋದು" ಎಂದು ಕೂಗಿದ. ಅಪ್ಪ ಒಂದು ಚಹದಂಗಡಿಯ ಮುಂದೆ ನಿಲ್ಲಿಸಿ, "ನೀನು ಎಂಜಿನಿಯರು. ಲೆಕ್ಕ ಹಾಕು" ಎಂದರು.

ಲೆಕ್ಕ ಕಷ್ಟದ್ದೇನಲ್ಲ. ಗಾಡಿಗೆ ಗಾಳಿ ಒಡ್ಡುವ ತಡೆ, ಗಾಳಿಗೆ ಹೋಲಿಸಿದ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬಂದರೆ ಗಾಡಿಯ ಪಾಲಿಗೆ ಅದು 70. ಐವತ್ತರ ವರ್ಗ 2,500, ಎಪ್ಪತ್ತರ ವರ್ಗ 4,900. ಅಂದರೆ ತಡೆ ಹೆಚ್ಚುಕಡಿಮೆ ಎರಡು ಪಟ್ಟು! ಇನ್ನು ಗಾಳಿಯೇ ಬೀಸದ ದಿನ ತೆಗೆದುಕೊಂಡರೆ, ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 40ರಿಂದ 80ಕ್ಕೆ ಹೋಗಲು ಎರಡಲ್ಲ, ಎಂಟು ಪಟ್ಟು ಶಕ್ತಿ ಬೇಕು. ಹಾಗಾಗಿಯೇ 20 ಅಶ್ವಶಕ್ತಿಯ ಗಾಡಿ ಏಳೂವರೆ ಅಶ್ವಶಕ್ತಿಯ ಗಾಡಿಗಿಂತ ಮೂರು ಪಟ್ಟು ಜೋರಾಗಿ ಓಡುವುದಿಲ್ಲ. ಒಂದೂವರೆ ಪಟ್ಟಿಗೂ ಒಂದಿಷ್ಟು ಕಡಿಮೆಯೇ. ಹೆಚ್ಚಿನ ವೇಗಕ್ಕೆ ಸುರಿಯುವ ಪೆಟ್ರೋಲಿನ ದೊಡ್ಡ ಪಾಲು ಗಾಳಿಯನ್ನು ನೂಕುವುದರಲ್ಲೇ ಮುಗಿಯುತ್ತದೆ.

ಮಗ ಚಹದ ಲೋಟ ಕೆಳಗಿಟ್ಟು ಇನ್ನೊಂದು ಲೆಕ್ಕವನ್ನೂ ತಾನೇ ಹಾಕಿದ. ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡ್ ಬೇಕೆಂದುಕೊಳ್ಳೋಣ. 50ರ ವೇಗದಲ್ಲಿ ಆ ಒಂದು ಸೆಕೆಂಡಿಗೆ 14 ಮೀಟರ್ ಹೋಗಿರುತ್ತದೆ. ಒಣಗಿದ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು 19 ಮೀಟರ್, ಒಟ್ಟು 33. ಅದೇ ಬ್ರೇಕು, ಅದೇ ರಸ್ತೆ, ವೇಗ 80 ಆದರೆ ಒಟ್ಟು 71 ಮೀಟರ್. ರಸ್ತೆಗೆ ಇಳಿದ ಎಮ್ಮೆ ಈ ಲೆಕ್ಕವನ್ನು ಓದಿರುವುದಿಲ್ಲ.

ಮುಂದೆ ಕೂಡ್ಲಿಗಿ ದಾರಿಯಲ್ಲಿ ಗಾಳಿ ಪಕ್ಕಕ್ಕೆ ತಿರುಗಿತು. ಗಾಡಿ ಮತ್ತೆ 50ಕ್ಕೆ ಬಂತು. ಗಂಟೆಗೊಮ್ಮೆ ಅಪ್ಪ ಹತ್ತು ನಿಮಿಷ ನಿಲ್ಲಿಸುತ್ತಿದ್ದರು. "ಎಂಜಿನ್ ತಣ್ಣಗಾಗ್ಲಿ ಅಂತಾನಾ?" ಎಂದು ಮಗ ಕೇಳಿದ. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಗಾಳಿಯಿಂದ ತಣಿಯುವ ಎಂಜಿನ್ ಓಡುತ್ತಿರುವಾಗಲೇ ಚೆನ್ನಾಗಿ ತಣಿಯುತ್ತದೆ. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ನಡುವೆ ಗಾಳಿ ಹಾಯ್ದು ಬಿಸಿಯನ್ನು ಹೊತ್ತೊಯ್ಯುತ್ತದೆ. ಹದವಾದ ವೇಗದಲ್ಲಿ ಆಯಿಲ್ ಸರಿಯಿದ್ದರೆ ಅದು ಇಡೀ ದಿನ ಓಡೀತು. "ತಣ್ಣಗಾಗಬೇಕಾದ್ದು ಎಂಜಿನ್ನಲ್ಲ ಕಣೋ, ನಮ್ಮ ಸೊಂಟ" ಎಂದು ಅಪ್ಪ ನಕ್ಕರು. ದಣಿದ ಸವಾರನ ಆ ಒಂದು ಸೆಕೆಂಡ್ ಎರಡಾಗುತ್ತದೆ. ಅಪಘಾತ ಹುಟ್ಟುವುದು ಅಲ್ಲಿ.

ಸಂಜೆ ನಾಲ್ಕೂವರೆಗೆ ಹೊಸಪೇಟೆ. ಸುಮಾರು 275 ಕಿಲೋಮೀಟರ್ ಆಗಿತ್ತು. ಮರುದಿನ ಹಂಪಿಯ ಕಲ್ಲುದಾರಿಗಳಲ್ಲಿ ಸ್ಪ್ಲೆಂಡರು ಮೇಕೆಯಂತೆ ನುಸುಳಿತು. ಅಲ್ಲಿ ಒಬ್ಬ ಪ್ರವಾಸಿಯ ದೊಡ್ಡ ಬೈಕು ಮರಳಿನಲ್ಲಿ ಮಗುಚಿಕೊಂಡಿತ್ತು. ಅದನ್ನು ಎತ್ತಲು ಇವರಿಬ್ಬರೂ ಕೈ ಕೊಡಬೇಕಾಯಿತು. 350 ಸಿ.ಸಿ. ಗಾಡಿ ಎಂದರೆ ಸುಮಾರು 195 ಕಿಲೋ. ಸ್ಪ್ಲೆಂಡರು ನೂರು ಕಿಲೋಗೆ ಸ್ವಲ್ಪ ಹೆಚ್ಚು. ಬಿದ್ದ ಗಾಡಿಯನ್ನು ಒಬ್ಬನೇ ಎತ್ತಬಲ್ಲೆನೇ ಎಂಬುದು ಒಂಟಿಯಾಗಿ ದೂರ ಹೋಗುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೂರನೆಯ ದಿನ ಕೊಪ್ಪಳ, ಕುಷ್ಟಗಿ ಹಾದು ಬಾದಾಮಿಯ ದಾರಿ. ಗಜೇಂದ್ರಗಡದ ಹತ್ತಿರ ಮರದಡಿ ನಿಂತಿದ್ದಾಗ ಹೊಲದಿಂದ ಬಂದ ರೈತರೊಬ್ಬರು ಗಾಡಿಯನ್ನು ಮುಟ್ಟಿ ನೋಡಿ, "ಭಾಳ ಹಳೇ ಗಾಡಿರಿ. ಎಲ್ಲಿಂದ ಬಂದ್ರಿ?" ಎಂದರು. ತಿಪಟೂರು ಎಂದಾಗ ನಂಬಲಿಲ್ಲ. ಮಾತಿಗೆ ಮಾತು ಬೆಳೆದು, ಅಪ್ಪನ ಕೆಲಸ ಏನೆಂದು ತಿಳಿದದ್ದೇ, ಮನೆಗೆ ಕರೆದೊಯ್ದು ಮೇವು ಬಿಟ್ಟಿದ್ದ ಆಕಳನ್ನು ತೋರಿಸಿದರು. ಅಪ್ಪ ಬಾಯಿ ಬಿಡಿಸಿ, ಹೊಟ್ಟೆ ಮುಟ್ಟಿ ನೋಡಿ, ಎರಡು ಮಾತು ಹೇಳಿ, ಊರಿನ ಪಶು ಆಸ್ಪತ್ರೆಗೆ ತೋರಿಸಲು ತಿಳಿಸಿದರು. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆಯ ಊಟ ಅಲ್ಲಿಯೇ ಆಯಿತು. ಸಣ್ಣ ಗಾಡಿಯಲ್ಲಿ ಬಂದವರನ್ನು ಜನ ಹೊರಗಿನವರೆಂದು ಎಣಿಸುವುದಿಲ್ಲ. ಅವರ ಮನೆಯ ಮುಂದೆಯೂ ಅಂಥದ್ದೇ ಒಂದು ನಿಂತಿರುತ್ತದೆ. ಕೆಟ್ಟರೆ ರಿಪೇರಿ ಮಾಡುವ ಹುಡುಗ ಪ್ರತಿ ಊರಿನಲ್ಲೂ ಸಿಗುತ್ತಾನೆ.

ಆ ಸಂಜೆ ಬಾದಾಮಿಯಲ್ಲಿ, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತಾಗ ಮಗ ತಾನಾಗಿಯೇ ಲಡಾಖ್‌ನ ಮಾತು ತೆಗೆದ. "ಇದು ಅಲ್ಲಿ ಹತ್ತುತ್ತಾ ಅಪ್ಪ?"

ಹತ್ತುತ್ತದೆ, ಹತ್ತಿಸಿದವರಿದ್ದಾರೆ. ಆದರೆ ಹೇಗೆಂಬುದನ್ನು ತಿಳಿಯಬೇಕು. ಲೇಹ್‌ನಿಂದ ಮುಂದಿನ ಖಾರ್ದುಂಗ್ ಲಾ ಕಣಿವೆಮಾರ್ಗದ ಎತ್ತರ 5,359 ಮೀಟರ್. ಅಷ್ಟು ಮೇಲೆ ಆಮ್ಲಜನಕದ ಪಾಲು ಕಡಿಮೆ ಎಂದು ಅನೇಕರು ತಪ್ಪಾಗಿ ಹೇಳುತ್ತಾರೆ. ಪಾಲು ಅಲ್ಲೂ ನೂರಕ್ಕೆ 21ರಷ್ಟೇ. ಗಾಳಿಯೇ ತೆಳು. ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಹಾಗಾಗಿ ಪ್ರತಿ ಸಲ ಸಿಲಿಂಡರಿನೊಳಗೆ ಹೋಗುವ ಗಾಳಿಯೂ ಅರ್ಧ, ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅರ್ಧ. ಕಾರ್ಬುರೇಟರ್ ಮಾತ್ರ ಪೆಟ್ರೋಲನ್ನು ಅದೇ ಅನುಪಾತದಲ್ಲಿ ತಗ್ಗಿಸಿಕೊಳ್ಳಲಾರದೆ ಮಸಿ ಕಟ್ಟಿಸುತ್ತದೆ. ಏಳೂವರೆ ಅಶ್ವಶಕ್ತಿಯ ಗಾಡಿ ಅಲ್ಲಿ ನಾಲ್ಕಕ್ಕಿಂತ ಕೆಳಗಿಳಿಯುತ್ತದೆ. ಒಬ್ಬನೇ, ಕಡಿಮೆ ಸಾಮಾನಿನೊಂದಿಗೆ, ಒಂದನೆಯ ಗೇರಿನಲ್ಲಿ ಹತ್ತಬೇಕು. ಇಷ್ಟಾಗಿಯೂ ಗಾಡಿಗಿಂತ ಮೊದಲು ಸೋಲುವುದು ಮನುಷ್ಯನ ದೇಹ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಕುಳಿತು ಆ ಗಾಳಿಗೆ ಒಗ್ಗಿಕೊಳ್ಳದೆ ಮೇಲೇರಿದರೆ, ತಲೆನೋವು, ವಾಂತಿಯಿಂದ ಆರಂಭವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಗ ಮೇಲಕ್ಕೆ ಹೋಗುವುದನ್ನು ಬಿಟ್ಟು ಕೆಳಗಿಳಿಯಬೇಕು. ಆದರೆ ಗೆಳೆಯರ ಎದುರು "ನನ್ನ ಕೈಲಾಗ್ತಿಲ್ಲ" ಎಂದು ಹೇಳಬೇಕಲ್ಲ!

"ಅದನ್ನ ಹೇಳೋ ಧೈರ್ಯ ಇದ್ರೆ ಯಾವ ಗಾಡೀಲಾದ್ರೂ ಹೋಗು" ಎಂದರು ಅಪ್ಪ.

ಹಿಂತಿರುಗುವಾಗ ಗದಗದ ಮೇಲೆ ಬಂದು ದಾವಣಗೆರೆಯಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಕಳೆದರು. ಅಪ್ಪನ ಬಳಿ ಪೆಟ್ರೋಲಿನ ಲೆಕ್ಕ ಬರೆಯುವ ಡೈರಿಯೊಂದಿತ್ತು. ಹಾಕಿಸಿದ ಲೀಟರು, ಮೀಟರಿನ ಅಂಕಿ, ತಾರೀಖು. ಲೀಟರಿಗೆ ಸಿಗುವ ದೂರ ಇದ್ದಕ್ಕಿದ್ದಂತೆ ಇಳಿದರೆ ಗಾಡಿಗೆ ಏನೋ ಆಗಿದೆ ಎಂದು ತಿಳಿಯುತ್ತದೆ. ಆ ರಾತ್ರಿ ಮಗ ಅದನ್ನು ತಿರುವಿ ಹಾಕಿದ. ಇಬ್ಬರನ್ನು ಹೊತ್ತೂ ಗಾಡಿ ಲೀಟರಿಗೆ 60 ಕಿಲೋಮೀಟರ್ ಕೊಟ್ಟಿತ್ತು. ಜೊತೆಗೆ ಇನ್ನೊಂದು ವಿಷಯವೂ ಕಂಡಿತು. ಹಳೆಯ ಪುಟಗಳಲ್ಲಿ ಮುತ್ತಿನಂತಿದ್ದ ಅಂಕಿಗಳು ಈಚಿನ ಪುಟಗಳಲ್ಲಿ ದೊಡ್ಡದಾಗಿ, ಗೆರೆ ಬಿಟ್ಟು ಎರಡು ಸಾಲಿಗೆ ಹರಡಿದ್ದವು. ಗಾಡಿಯ ಮೇಲೆ ಕೂತು ಬರೆದಿರಬೇಕು ಎಂದುಕೊಂಡು ಮಲಗಿದ.

ಮರುದಿನ ನೆಂಟರು ಊಟ ಮಾಡದೆ ಬಿಡಲಿಲ್ಲ. ಹೊರಡುವಾಗ ಮಧ್ಯಾಹ್ನ ಮೂರು. ಚಿತ್ರದುರ್ಗ ದಾಟಿ ಐಮಂಗಲದ ಹತ್ತಿರ ಬಂದಾಗ 'ಟಕ್' ಎಂದಿತು. ಕ್ಲಚ್ ಹಿಡಿ ಸಡಿಲವಾಗಿ ಕೈಗೆ ಬಂತು. ಕೇಬಲ್ ಕಿತ್ತಿತ್ತು.

ಅಪ್ಪ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. "ನೀನೇ ಹಾಕು." ಹೊಸ ಕೇಬಲ್ ಅದರ ಪಕ್ಕದಲ್ಲೇ ಕಟ್ಟಿದ್ದರಿಂದ ಅರ್ಧ ಕೆಲಸ ಆಗಿಹೋಗಿತ್ತು. ಆದರೂ ಪಾನಾ ಹಿಡಿದು ಅಭ್ಯಾಸವಿಲ್ಲದ ಹುಡುಗನಿಗೆ ಒಂದು ಗಂಟೆ ಹಿಡಿಯಿತು. ಕೆಳಗಿನ ತುದಿ ಕೂತರೆ ಮೇಲಿನದು ಜಾರುತ್ತಿತ್ತು. ಗೆಣ್ಣು ತರಚಿತು. ಎಂಜಿನಿಯರಿಂಗ್ ಪುಸ್ತಕದಲ್ಲಿ ಕ್ಲಚ್ಚಿನ ಚಿತ್ರ ಬರೆದು ಅಂಕ ಗಳಿಸಿದ್ದವನಿಗೆ, ಹಿಡಿ ಎಷ್ಟು ಸಡಿಲ ಬಿಡಬೇಕೆಂಬುದು ಆ ದಿನ ಬೆರಳಿಗೆ ತಿಳಿಯಿತು. ಗಾಡಿ ಹೊರಟಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಹಿರಿಯೂರು ಬಿಟ್ಟು ಹುಳಿಯಾರಿನ ರಸ್ತೆ ಹಿಡಿದಾಗ ಮೋಡ ಕವಿದು ಮುಸ್ಸಂಜೆ ಬೇಗನೆ ಇಳಿದಿತ್ತು. ಹುಳಿಯಾರಿಗೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್. ಎದುರಿನಿಂದ ಒಂದು ಲಾರಿ ಬಂತು. ಅದರ ಬೆಳಕು ಮುಖಕ್ಕೆ ಬಿದ್ದೊಡನೆ ಗಾಡಿ ಓಲಾಡಿ ರಸ್ತೆಯ ಅಂಚಿನ ಮಣ್ಣಿಗೆ ಇಳಿಯಿತು. ಅಪ್ಪ ಬೀಳಿಸಲಿಲ್ಲ, ಹೇಗೋ ತಡೆದು ನಿಲ್ಲಿಸಿದರು. ಲಾರಿ ಹೋಯಿತು. ಎಂಜಿನ್ ಆರಿಸಿದರು. ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದೇ ಕುಳಿತಿದ್ದರು.

"ನಂಗೆ ಕಾಣ್ತಿಲ್ಲ ಕಣೋ" ಎಂದರು.

ಎಡಗಣ್ಣಿಗೆ ಪೊರೆ ಬಂದು ಒಂದೂವರೆ ವರ್ಷವಾಗಿತ್ತು. ಬಲಗಣ್ಣಿಗೂ ಶುರುವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿವೃತ್ತಿಯಾಗಲಿ ಎಂದು ಒಂದಷ್ಟು ದಿನ, ಮಗನ ಫೀಸು ಕಟ್ಟಿದ ಮೇಲೆ ಎಂದು ಒಂದಷ್ಟು ದಿನ ತಳ್ಳಿದ್ದರು. ಕಣ್ಣಿನ ಪೊರೆ ಎಂದರೆ ಮೇಲೆ ಬೆಳೆಯುವ ಚರ್ಮವಲ್ಲ. ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಹಗಲಿನಲ್ಲಿ ಹೇಗೋ ನಡೆಯುತ್ತದೆ. ರಾತ್ರಿ ಎದುರಿನ ದೀಪದ ಬೆಳಕು ಆ ಮಬ್ಬಿನಲ್ಲಿ ಚದುರಿ, ಮಂಜು ಹಿಡಿದ ಗಾಜಿನ ಮೇಲೆ ಟಾರ್ಚ್ ಬಿಟ್ಟಂತೆ, ಕಣ್ತುಂಬ ಬರೀ ಬೆಳಕೇ ಆಗುತ್ತದೆ. ರಸ್ತೆಯ ಅಂಚೇ ಕಾಣುವುದಿಲ್ಲ. ಸೂರ್ಯ ಮುಳುಗುವುದರೊಳಗೆ ನಿಲ್ಲಬೇಕೆಂಬ ಶರತ್ತು ಹೆಡ್‌ಲೈಟಿನದಾಗಿರಲಿಲ್ಲ.

ಕೇಬಲ್ ಕಿತ್ತೀತೆಂದು ಮುಂಚೆಯೇ ಇನ್ನೊಂದನ್ನು ಕಟ್ಟಿಕೊಂಡು ಬಂದವರು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವವರು, ತಮ್ಮ ಕಣ್ಣಿನ ಮಾತನ್ನು ಮಾತ್ರ ಮುಚ್ಚಿಟ್ಟಿದ್ದರು. ಮಗನಿಗೆ ಸಿಟ್ಟು ಬಂತು. "ನಂಗಾದ್ರೂ ಹೇಳ್ಬಾರ್ದಿತ್ತಾ ಅಪ್ಪ?" ಎಂದ. ಅಪ್ಪ ಉತ್ತರ ಕೊಡಲಿಲ್ಲ. ಕೀಲಿಯನ್ನು ಅವನ ಕೈಗಿಟ್ಟು ಹಿಂದಿನ ಸೀಟಿಗೆ ಸರಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಕುಳಿತದ್ದು ಅದೇ ಮೊದಲು.

ಮಗ 40 ದಾಟಲಿಲ್ಲ. ಎದುರಿಗೆ ದೀಪ ಬಂದಾಗಲೆಲ್ಲ ಎಡದ ಅಂಚನ್ನೇ ನೋಡುತ್ತ, ನಿಧಾನ ಮಾಡುವಾಗ ಒಂದು ಗೇರು ಇಳಿಸಿ ಎಂಜಿನ್ ತಿರುಗುವಂತೆ ಇಟ್ಟುಕೊಂಡು ಹೆಡ್‌ಲೈಟು ಮಂಕಾಗದಂತೆ ನೋಡಿಕೊಂಡ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹುಳಿಯಾರಿನಲ್ಲಿ ನಿಲ್ಲಿಸಿ ತಾಯಿಗೆ ಫೋನ್ ಮಾಡಿದ, "ತಡ ಆಗುತ್ತಮ್ಮ, ನಿಧಾನ ಬರ್ತಾ ಇದೀವಿ." ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಗೇಟಿನ ಬಳಿ ನಿಂತಿದ್ದ ತಾಯಿ, ಯಾರು ಮುಂದೆ ಯಾರು ಹಿಂದೆ ಕುಳಿತಿದ್ದಾರೆಂದು ನೋಡಿ, ಏನನ್ನೂ ಕೇಳದೆ ಬಿಸಿನೀರು ಕಾಯಿಸಲು ಒಳಗೆ ಹೋದರು. ಕೇಳಿದ್ದು ಊಟವಾದ ಮೇಲೆ. ಆಮೇಲಿನ ಗದರಿಕೆ ಅಪ್ಪನ ಪಾಲಿನದು.

ಒಟ್ಟು 900 ಕಿಲೋಮೀಟರಿನ ಸುಮಾರು. ಪೆಟ್ರೋಲು ಹದಿನೈದು ಲೀಟರು. ಕಿತ್ತದ್ದು ಒಂದು ಕೇಬಲ್.

ಶ್ರಾವಣ ಬಂತು. ಅಪ್ಪ ಮಾತಿಗೆ ತಪ್ಪುವವರಲ್ಲ. ಬ್ಯಾಂಕಿನ ಪಾಸ್‌ಬುಕ್ಕನ್ನು ಮಗನ ಮುಂದಿಟ್ಟು, "ಈಗ ಹೇಳು" ಎಂದರು. "ಮೊದಲು ಕಣ್ಣು. ಗಾಡಿ ನಾನು ದುಡಿಯೋವಾಗ ತಗಳ್ತೀನಿ. ಲಡಾಖ್‌ಗೆ ಹೋಗಲ್ಲ ಅಂದಿಲ್ಲ, ಇದರಲ್ಲೇ ಹೋದ್ರೂ ಹೋಗ್ತೀನಿ" ಎಂದ ಮಗ. ತಾಯಿಯ ಮುಖದಲ್ಲಿ ಅರ್ಧ ಸಮಾಧಾನ, ಅರ್ಧ ಹೊಸ ಚಿಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹುಡುಗರು ಜಿಪುಣತನದ ಮಾತೆಂದು ಭಾವಿಸುತ್ತಾರೆ. ಆದರೆ ಹಾಸಿಗೆ ಎಷ್ಟಿದೆ ಎಂದು ಅಳೆದು ತಿಳಿದವನು ಕಾಲನ್ನು ಪೂರ್ತಿ ಚಾಚಬಲ್ಲ. ಸಣ್ಣ ಗಾಡಿ ಆ ಅಳತೆಯನ್ನು ದಿನವೂ ನೆನಪಿಸುತ್ತದೆ. ಏರಿನಲ್ಲಿ, ಎದುರುಗಾಳಿಯಲ್ಲಿ, ಭಾರ ಹೇರುವಾಗ ಅದು ತನ್ನ ಮಿತಿಯನ್ನು ಬಾಯಿಬಿಟ್ಟು ಹೇಳುತ್ತದೆ. ಹೇಳದೆ ಮುಚ್ಚಿಡುವವರು ಮನುಷ್ಯರು. ಮಕ್ಕಳು ಗೆಳೆಯರ ಎದುರು, ತಂದೆತಾಯಿ ಮಕ್ಕಳ ಎದುರು. ಮನೆಯಲ್ಲಿ ಬೈಕಿನ ಮಾತು ಎದ್ದಾಗ ಸಿ.ಸಿ. ಎಷ್ಟು, ಬೆಲೆ ಎಷ್ಟು ಎಂಬುದರ ಜೊತೆಗೆ ಈ ಮಾತುಗಳೂ ಒಂದಿಷ್ಟು ನಡೆದರೆ ಒಳ್ಳೆಯದು.

ತುಮಕೂರಿನಲ್ಲಿ ಅಪ್ಪನ ಎಡಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮಬ್ಬಾದ ಮಸೂರ ತೆಗೆದು ಹೊಸದನ್ನು ಕೂರಿಸಿದರು. ಒಂದು ತಿಂಗಳ ನಂತರ ಕೊನೆಯ ತಪಾಸಣೆ ಮುಗಿಸಿ ಹೆದ್ದಾರಿಯಲ್ಲಿ ಹಿಂತಿರುಗುವಾಗ ಮುಂದೆ ಮಗ, ಹಿಂದೆ ಕಪ್ಪು ಕನ್ನಡಕದ ಅಪ್ಪ. ಗುಬ್ಬಿ ದಾಟಿದ ಮೇಲೆ ಅವರು ಒಂದೊಂದೇ ಕಿಲೋಮೀಟರು ಕಲ್ಲನ್ನು ದೂರದಿಂದಲೇ ಓದಿ ಜೋರಾಗಿ ಹೇಳತೊಡಗಿದರು. ಮಗ ಪ್ರತಿ ಸಲವೂ "ಹೂಂ ಅಪ್ಪ" ಎನ್ನುತ್ತಿದ್ದ. ಮುಳ್ಳು 50ರ ಮೇಲಕ್ಕೆ ಹೋಗಲಿಲ್ಲ.